ರಾಯ ಅಶೋಕನ ಎದುರು: ಸನ್ನತಿ ಮತ್ತು ಕನಗನಹಳ್ಳಿಯ ಮಹಾಚೈತ್ಯ

ಅಶೋಕ ಚಕ್ರವರ್ತಿ ನೋಡಲು ಹೇಗಿದ್ದ ಎಂಬ ಪ್ರಶ್ನೆಗೆ ನಾವು ಶಾಲೆಯಲ್ಲಿ ಓದಿದ ಪಾಠಗಳಲ್ಲಿ ಉತ್ತರವಿರಲಿಲ್ಲ. ಸಾರಾನಾಥದ ಸಿಂಹಗಳಿದ್ದವು, ಕಂಬಗಳಿದ್ದವು, ಬಂಡೆಗಳ ಮೇಲಿನ ಬ್ರಾಹ್ಮೀ ಅಕ್ಷರಗಳಿದ್ದವು. ಅರಸನ ಆಕೃತಿಯೊಂದು ಮಾತ್ರ ಇರಲಿಲ್ಲ. ಸಾಂಚಿಯ ತೋರಣಗಳ ಮೇಲೆ ಬೋಧಿವೃಕ್ಷದ ಬಳಿಗೆ ಬರುತ್ತಿರುವ ರಾಜನೊಬ್ಬನನ್ನು ವಿದ್ವಾಂಸರು ಅಶೋಕನೆಂದು ಗುರುತಿಸುತ್ತಾರೆ, ಆದರೆ ಅಲ್ಲಿ ಕೆತ್ತಿದವನು ಹೆಸರು ಬರೆದಿಲ್ಲ. ಹೆಸರು ಬರೆದು, ಇವನೇ ಅಶೋಕ ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿದ ಶಿಲ್ಪವು ದೊರೆತದ್ದು ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ. ಭೀಮಾ ನದಿಯ ದಂಡೆಯಲ್ಲಿರುವ ಸನ್ನತಿ ಎಂಬ ಊರಿಗೆ ಸಮೀಪದ ಈ ಹಳ್ಳಿಯ ಹೊಲಗಳ ನಡುವೆ ಒಂದು ಮಹಾಸ್ತೂಪವು ಶತಮಾನಗಳ ಕಾಲ ಮಣ್ಣಿನಡಿಯಲ್ಲಿ ಉಳಿದಿತ್ತು.

ಹಂಪಿ, ಬಾದಾಮಿ, ಐಹೊಳೆಗಳಿಗೆ ಹೋಗುವವರಲ್ಲಿ ನೂರಕ್ಕೆ ಒಬ್ಬರಾದರೂ ಸನ್ನತಿಯವರೆಗೆ ಬರುತ್ತಾರೆಯೇ ಎಂಬುದು ನನ್ನ ಸಂದೇಹ. ಬರುವವರಲ್ಲಿ ಹೆಚ್ಚಿನವರು ಚಂದ್ರಲಾಂಬಾ ಪರಮೇಶ್ವರಿಯ ಭಕ್ತರು. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಅನೇಕ ಕುಟುಂಬಗಳಿಗೆ ಈಕೆ ಕುಲದೇವತೆ. ನಾನೂ ಹಾಗೆ ಬಂದವರ ನಡುವೆಯೇ ನಡೆದು, ಮೊದಲು ಗುಡಿಯನ್ನು ನೋಡಿ, ಅನಂತರ ಸ್ತೂಪದ ಕಡೆಗೆ ಹೋದೆ. ಈಗ ಯೋಚಿಸಿದರೆ ಆ ಕ್ರಮವೇ ಸರಿಯಾದದ್ದು ಎನಿಸುತ್ತದೆ, ಏಕೆಂದರೆ ಈ ಸ್ಥಳದ ಪ್ರಾಚೀನತೆ ಜಗತ್ತಿಗೆಲ್ಲ ಗೊತ್ತಾಗುವಂತೆ ಮಾಡಿದ ಶಾಸನವು ಹೊರಬಿದ್ದದ್ದು ಗುಡಿಯೊಳಗಿನಿಂದಲೇ.

ರೈಲಿನಲ್ಲಿ ಬರುವವರಿಗೆ ಹತ್ತಿರದ ನಿಲ್ದಾಣ ನಾಲವಾರ; ವಾಡಿ ಜಂಕ್ಷನ್ನಿನಲ್ಲಿ ಇಳಿದೂ ಬರಬಹುದು. ದಾರಿಯುದ್ದಕ್ಕೂ ಕಪ್ಪು ಎರೆಮಣ್ಣಿನ ಹೊಲಗಳು, ತೊಗರಿ, ಹತ್ತಿ, ಜೋಳ. ನಡುನಡುವೆ ನೆಲವನ್ನು ಪದರಪದರವಾಗಿ ಸೀಳಿ ತೆಗೆದ ಕಲ್ಲುಗಣಿಗಳು. ಕರ್ನಾಟಕದ ಬಹುಪಾಲು ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಈ ಸೀಮೆಯದು. ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಇಲ್ಲಿನ ನೆಲದಡಿಯಲ್ಲಿರುವುದು ಸುಣ್ಣದಕಲ್ಲು; ಬೇಕಾದಷ್ಟು ತೆಳ್ಳಗೆ ಸೀಳುತ್ತದೆ, ಉಳಿಗೆ ಒಗ್ಗುತ್ತದೆ, ನಯಗೊಳಿಸಿದರೆ ಹೊಳೆಯುತ್ತದೆ. ಸ್ತೂಪವನ್ನು ನೋಡುವ ಮೊದಲು ಈ ಗಣಿಗಳನ್ನು ಗಮನಿಸುವುದು ಒಳ್ಳೆಯದು, ಏಕೆಂದರೆ ಕನಗನಹಳ್ಳಿಯ ಶಿಲ್ಪಿಗಳ ಕೈಗೆ ಸಿಕ್ಕಿದ್ದೂ ಇದೇ ಬಗೆಯ ಕಲ್ಲು. ಬೌದ್ಧ ಸ್ತೂಪವೆಂದರೆ ಒಳಗೆ ಮಣ್ಣು, ಕಲ್ಲು, ಇಟ್ಟಿಗೆಗಳ ಘನವಾದ ದಿಬ್ಬ. ಅದಕ್ಕೆ ರೂಪ ಕೊಡುವುದು ಹೊರಗಿನ ಹೊದಿಕೆ. ಆಳೆತ್ತರದ ಚಪ್ಪಡಿಗಳನ್ನು ಸುಲಭವಾಗಿ ಕೊಡುವ ನೆಲವಿಲ್ಲದಿದ್ದರೆ ಇಲ್ಲಿನ ಶಿಲ್ಪಕಲೆ ಈ ರೂಪವನ್ನು ತಾಳುತ್ತಿರಲಿಲ್ಲ.

ಚಂದ್ರಲಾಂಬೆಯ ಗುಡಿ ನದಿಯ ಅಂಚಿನಲ್ಲಿದೆ. ಋಷಿಪತ್ನಿಯನ್ನು ಅಪಹರಿಸಿದ ಸೇತುರಾಜನ ಮೇಲೆ ದೇವಿಯು ದುಂಬಿಗಳ ಹಿಂಡನ್ನು ಬಿಟ್ಟಳೆಂದೂ, ದುಂಬಿಗಳ ಕಾಟವನ್ನು ತಾಳಲಾರದೆ ಆತ ಭೀಮೆಗೆ ಹಾರಿದನೆಂದೂ ಸ್ಥಳಪುರಾಣ ಹೇಳುತ್ತದೆ. ಪ್ರಾಕಾರದೊಳಗೆ ಕಾಳಿಯ ಗುಡಿಯೊಂದಿದ್ದು, 1986ರಲ್ಲಿ ಅದರ ಛಾವಣಿ ಕುಸಿದು ಮೂರ್ತಿಗೆ ಹಾನಿಯಾಯಿತು. ಜೀರ್ಣೋದ್ಧಾರಕ್ಕಾಗಿ ಅವಶೇಷಗಳನ್ನು ತೆರವುಗೊಳಿಸುವಾಗ, ಮೂರ್ತಿಯನ್ನು ನಿಲ್ಲಿಸಲು ಪೀಠವಾಗಿ ಬಳಸಿದ್ದ ದೊಡ್ಡ ಚಪ್ಪಡಿಯ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಅದು ಅಶೋಕನ ಶಾಸನವಾಗಿತ್ತು. ಮೂರ್ತಿಯ ಬುಡವನ್ನು ಕೂರಿಸಲು ಕಲ್ಲಿನ ನಡುವೆ ಚೌಕನೆಯ ಕಂಡಿಯನ್ನು ಕೊರೆದಿದ್ದರಿಂದ ಅನೇಕ ಅಕ್ಷರಗಳು ಹೋಗಿದ್ದವು, ಆದರೂ ಉಳಿದದ್ದು ವಿದ್ವಾಂಸರನ್ನು ಬೆರಗುಗೊಳಿಸಲು ಸಾಕಾಗಿತ್ತು. ಚಪ್ಪಡಿಯ ಒಂದು ಬದಿಯಲ್ಲಿ ಅಶೋಕನ ಪ್ರಧಾನ ಬಂಡೆಗಲ್ಲು ಶಾಸನಗಳ ಪೈಕಿ 12 ಮತ್ತು 14ನೆಯವುಗಳ ಭಾಗಗಳಿದ್ದವು. ಇನ್ನೊಂದು ಬದಿಯಲ್ಲಿ ಎರಡು ಪ್ರತ್ಯೇಕ ಶಾಸನಗಳಿದ್ದವು.

ಈ ಪ್ರತ್ಯೇಕ ಶಾಸನಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದುವರೆಗೆ ಅವು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದವು. ಯುದ್ಧದಲ್ಲಿ ಗೆದ್ದ ಕಳಿಂಗದ ಜನರನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಅಶೋಕನು ತನ್ನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಕೊಟ್ಟ ಸೂಚನೆಗಳು ಅವು. ಎಲ್ಲ ಮನುಷ್ಯರೂ ನನ್ನ ಮಕ್ಕಳು, ನನ್ನ ಮಕ್ಕಳಿಗೆ ಇಹದಲ್ಲೂ ಪರದಲ್ಲೂ ಸುಖವಿರಲೆಂದು ಹೇಗೆ ಬಯಸುತ್ತೇನೆಯೋ ಹಾಗೆಯೇ ಎಲ್ಲರಿಗೂ ಬಯಸುತ್ತೇನೆ ಎಂಬ ಪ್ರಸಿದ್ಧ ಮಾತು ಬರುವುದು ಈ ಶಾಸನಗಳಲ್ಲಿಯೇ. ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು ಎಂದು ಅಧಿಕಾರಿಗಳನ್ನು ಎಚ್ಚರಿಸುವ ಭಾಗವೂ ಅವುಗಳಲ್ಲಿದೆ. ಕಳಿಂಗಕ್ಕೆಂದೇ ಬರೆದದ್ದೆಂದು ಎಲ್ಲರೂ ನಂಬಿದ್ದ ಆ ಮಾತುಗಳು ಭೀಮಾತೀರದಲ್ಲಿ ಏಕೆ ಬಂದವು? ಹೊಸದಾಗಿ ಆಳ್ವಿಕೆಗೆ ಬಂದ, ಎಚ್ಚರಿಕೆಯಿಂದ ನಡೆಸಿಕೊಳ್ಳಬೇಕಾದ ಜನರು ಇಲ್ಲಿಯೂ ಇದ್ದಿರಬೇಕು ಎಂದು ಊಹಿಸುವುದು ಸಹಜ. ನನಗೆ ಅದಕ್ಕಿಂತ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಪಾಟಲಿಪುತ್ರದಿಂದ ಇಷ್ಟು ದೂರದ ನದಿತೀರದಲ್ಲಿ, ಅಧಿಕಾರಿಗಳು ಹೇಗೆ ವರ್ತಿಸಬೇಕೆಂಬುದನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ದೊಡ್ಡ ಆಡಳಿತ ಕೇಂದ್ರವೊಂದು ಇಲ್ಲಿತ್ತು. ಸನ್ನತಿಯ ಪಕ್ಕದಲ್ಲಿಯೇ ರಣಮಂಡಲವೆಂದು ಜನ ಕರೆಯುವ, ಕೋಟೆಯಿಂದ ಸುತ್ತುವರಿದ ವಿಸ್ತಾರವಾದ ಜಾಗವಿದೆ. ಅದನ್ನು ಕಂಡವರಿಗೆ ಈ ಮಾತು ಉತ್ಪ್ರೇಕ್ಷೆ ಎನಿಸುವುದಿಲ್ಲ.

ಇನ್ನು 12ನೆಯ ಶಾಸನ. ತನ್ನ ಪಂಥವನ್ನೇ ಹೊಗಳುತ್ತ ಪರರ ಪಂಥವನ್ನು ಹಳಿಯಬಾರದು, ಹಾಗೆ ಮಾಡುವವನು ತನ್ನ ಪಂಥಕ್ಕೇ ಹೆಚ್ಚಿನ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಸಮವಾಯವೇ, ಅಂದರೆ ಹೊಂದಿಕೊಂಡು ಬಾಳುವುದೇ, ಒಳ್ಳೆಯದು ಎಂದು ಹೇಳುವ ಶಾಸನವದು. ಅದನ್ನು ಹೊತ್ತ ಕಲ್ಲು ಕಾಳಿಯ ಪೀಠವಾಗಿತ್ತೆಂಬುದನ್ನು ಕೇಳಿದ ಕೂಡಲೇ ಕೆಲವರು ಆಕ್ರಮಣದ ಕತೆಯನ್ನು ಕಟ್ಟುತ್ತಾರೆ, ಇನ್ನು ಕೆಲವರು ಸಮನ್ವಯದ ಕತೆಯನ್ನು ಕಟ್ಟುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಗುಡಿ ಕಟ್ಟುವ ಕಾಲಕ್ಕೆ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಈ ದೇಶದಲ್ಲಿ ಯಾರೂ ಉಳಿದಿರಲಿಲ್ಲ. ಕಲ್ಲುಕುಟಿಗನಿಗೆ ಬೇಕಾಗಿದ್ದದ್ದು ಭಾರ ತಾಳುವ ಸಮತಟ್ಟಾದ ಚಪ್ಪಡಿ, ಅದು ಅವನಿಗೆ ಹತ್ತಿರದಲ್ಲಿಯೇ ಸಿಕ್ಕಿತು. ಅಕ್ಷರಗಳಿಗೆ ಹಾನಿ ಮಾಡಿದ್ದೂ ಆ ಬಳಕೆಯೇ, ಉಳಿದ ಅಕ್ಷರಗಳನ್ನು ಬಿಸಿಲುಮಳೆಗಳಿಂದ ಕಾಪಾಡಿದ್ದೂ ಆ ಬಳಕೆಯೇ.

ಗುಡಿಯಿಂದ ಕನಗನಹಳ್ಳಿಯ ಕಡೆಗೆ ಹೊರಟಾಗ ಎದುರಾದ ಹಿರಿಯರೊಬ್ಬರು, "ಬುದ್ಧನ ಗುಡಿ ನೋಡ್ಲಾಕ ಬಂದೀರೇನ್ರಿ? ಹಂಗೇ ನೇರ ಹೋಗ್ರಿ" ಎಂದು ದಾರಿ ತೋರಿಸಿದರು. ಅವರು ಸ್ತೂಪ ಎನ್ನಲಿಲ್ಲ, ಗುಡಿ ಎಂದರು. ಪ್ರದಕ್ಷಿಣೆ ಮಾಡುವ, ಹೂವು ಅರ್ಪಿಸುವ, ಹರಕೆ ಒಪ್ಪಿಸುವ ಜಾಗ ಅದಾಗಿತ್ತು ಎಂಬುದನ್ನು ನೆನೆದರೆ ಹಾಗೆ ಕರೆಯುವುದರಲ್ಲಿ ತಪ್ಪೇನೂ ಇಲ್ಲ.

ಇಲ್ಲಿನ ಉತ್ಖನನವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಿಂದ ಕೈಗೊಂಡಿತು, ಕೆ. ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಹಲವು ವರ್ಷ ನಡೆದ ಆ ಕೆಲಸ ಹೊಸ ಶತಮಾನದ ಆರಂಭದವರೆಗೆ ಮುಂದುವರಿಯಿತು. ಮಣ್ಣು ಸರಿದಂತೆ ಹೊರಬಂದದ್ದು ಕುಸಿದು ಬಿದ್ದಿದ್ದ ಸ್ತೂಪ ಮತ್ತು ಅದರ ಸುತ್ತ ಬಿದ್ದಲ್ಲೇ ಉಳಿದಿದ್ದ ನೂರಾರು ಶಿಲ್ಪಗಳು, ಶಾಸನಗಳು. ಮೌರ್ಯರ ಕಾಲದಲ್ಲಿ ಮೊದಲ ರೂಪ ಪಡೆದು, ಸಾತವಾಹನರ ಕಾಲದಲ್ಲಿ ಕಲ್ಲಿನ ಹೊದಿಕೆ ಮತ್ತು ಶಿಲ್ಪಗಳಿಂದ ಬೆಳೆದು, ಕ್ರಿಸ್ತಶಕ ಮೂರನೆಯ ಶತಮಾನದವರೆಗೆ ಈ ಸ್ತೂಪ ಬಳಕೆಯಲ್ಲಿತ್ತೆಂದು ತಿಳಿಯುತ್ತದೆ. ಶಾಸನಗಳು ಇದನ್ನು ಅಧೋಲೋಕ ಮಹಾಚೈತ್ಯವೆಂದು ಕರೆಯುತ್ತವೆ. ಕೆಳಗೆ ದುಂಡನೆಯ ಜಗತಿ, ಅದರ ಮೇಲೆ ಅರ್ಧಗೋಳದ ಅಂಡ, ನಾಲ್ಕು ದಿಕ್ಕುಗಳಲ್ಲಿ ಮುಂದಕ್ಕೆ ಚಾಚಿದ ಆಯಕ ವೇದಿಕೆಗಳು, ಸುತ್ತಲೂ ಪ್ರದಕ್ಷಿಣಾಪಥ, ಅದರ ಹೊರಗೆ ಕಲ್ಲಿನ ಕಟಾಂಜನ: ಇದು ಅಮರಾವತಿ, ನಾಗಾರ್ಜುನಕೊಂಡಗಳ ಸ್ತೂಪಗಳನ್ನು ಬಲ್ಲವರಿಗೆ ಪರಿಚಿತವಾದ ವಿನ್ಯಾಸ. ಆ ಪರಿಚಯಕ್ಕೆ ಕಾರಣ ಭೂಗೋಳದಲ್ಲಿಯೇ ಇದೆ. ಭೀಮೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ, ಕೃಷ್ಣೆ ಮುಂದೆ ನಾಗಾರ್ಜುನಕೊಂಡದ ಮೇಲೆ ಹಾದು ಅಮರಾವತಿಯ ದಂಡೆಯನ್ನು ಮುಟ್ಟುತ್ತದೆ. ಪೈಠಣದ ಕಡೆಯಿಂದ ಪೂರ್ವ ಕರಾವಳಿಗೆ ಸಾಗುತ್ತಿದ್ದ ವ್ಯಾಪಾರಿಗಳಿಗೂ ಭಿಕ್ಷುಗಳಿಗೂ ಈ ಕಣಿವೆಗಳು ಸಹಜವಾದ ದಾರಿಗಳಾಗಿದ್ದವು.

ಸ್ತೂಪದಲ್ಲಿ ದೊರೆತ, ಅಶೋಕನ ಆಕೃತಿಯಿರುವ ಚಪ್ಪಡಿಯ ಛಾಯಾಚಿತ್ರವನ್ನು ಅನೇಕ ಸಲ ನೋಡಿದ್ದೆ. ಆದರೂ ಕಲ್ಲಿನ ಮುಂದೆ ನಿಂತಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದರ ಗಾತ್ರವಾಗಲಿ ಕುಸುರಿಯಾಗಲಿ ಅಲ್ಲ. ಅರಸ ಮತ್ತು ಅರಸಿಯ ನಡುವಿನ ಸಲಿಗೆ. ರಾಜನು ಸಿಂಹಾಸನದ ಮೇಲೆ ಕುಳಿತಿಲ್ಲ, ಯುದ್ಧಕ್ಕೆ ಹೊರಟಿಲ್ಲ, ಸ್ತೂಪಕ್ಕೆ ಕೈಮುಗಿದೂ ನಿಂತಿಲ್ಲ. ತಲೆಗೆ ಮುಂಡಾಸು, ಕಿವಿಗೆ ಭಾರವಾದ ಓಲೆ, ತೋಳಿಗೆ ಕಡಗ ತೊಟ್ಟು, ಅರಸಿಯ ಕಡೆಗೆ ಮುಖಮಾಡಿ ಮಾತನಾಡುತ್ತ ನಿಂತಂತಿದ್ದಾನೆ. ಹಿಂದೆ ಸೇವಕಿಯರು ಛತ್ರ ಹಿಡಿದಿದ್ದಾರೆ, ಚಾಮರ ಬೀಸುತ್ತಿದ್ದಾರೆ. ಅಂಚಿನ ಪಟ್ಟಿಯಲ್ಲಿ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, ಎರಡೇ ಪದಗಳು: ರಾಯೋ ಅಸೋಕೋ.

ಈ ಎರಡು ಪದಗಳ ತೂಕ ತಿಳಿಯಬೇಕಾದರೆ ಹಿಂದಿನ ಕತೆಯನ್ನು ನೆನೆಯಬೇಕು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಾಗ ಕಂಬಗಳ ಮೇಲೂ ಬಂಡೆಗಳ ಮೇಲೂ ಕಂಡದ್ದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದು ಮಾತ್ರ. ಆ ಬಿರುದಿನ ಅರಸ ಯಾರೆಂಬುದನ್ನು ಸಿಂಹಳದ ವಂಶಕಥನಗಳ ನೆರವಿನಿಂದ ಜಾರ್ಜ್ ಟರ್ನರ್ ಗುರುತಿಸಿದರು. ಆದರೆ ಶಾಸನದಲ್ಲಿಯೇ ಅಶೋಕನೆಂಬ ಹೆಸರು ಕಾಣಲು 1915ರವರೆಗೆ ಕಾಯಬೇಕಾಯಿತು. ಆ ವರ್ಷ ಅಂದಿನ ನಿಜಾಮ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದಾಗ ದೇವಾನಾಂಪ್ರಿಯ ಅಶೋಕ ಎಂಬುದು ಸ್ಪಷ್ಟವಾಯಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೊಳ್ಳಗಳಲ್ಲಿ ಸಿಕ್ಕ ಶಾಸನಗಳಲ್ಲಿಯೂ ಅದೇ ಹೆಸರು ಬಂದಿತು. ಅಶೋಕನು ತನ್ನ ಹೆಸರನ್ನು ಹೇಳಿಕೊಂಡಿರುವ ಶಾಸನಗಳು ಇಡೀ ಉಪಖಂಡದಲ್ಲಿ ಬೆರಳೆಣಿಕೆಯಷ್ಟು, ಅವುಗಳಲ್ಲಿ ಹೆಚ್ಚಿನವು ಕರ್ನಾಟಕದಲ್ಲಿವೆ. ಹೆಸರೂ ಆಕೃತಿಯೂ ಒಟ್ಟಿಗೆ ಇರುವ ಶಿಲ್ಪ ದೊರೆತದ್ದೂ ಇದೇ ನೆಲದಲ್ಲಿ. ಮಗಧದ ಅರಸನಿಗೆ ಹೆಸರನ್ನೂ ರೂಪವನ್ನೂ ಮರಳಿ ಕೊಟ್ಟದ್ದು ಆತನ ಸಾಮ್ರಾಜ್ಯದ ದಕ್ಷಿಣದ ಅಂಚು ಎಂದು ನಾನು ಹೇಳಿದರೆ ಅದನ್ನು ಪ್ರಾಂತಾಭಿಮಾನವೆಂದು ತಳ್ಳಿಹಾಕಲಾಗದು.

ಹಾಗೆಂದು ಈ ಶಿಲ್ಪವನ್ನು ಅಶೋಕನ ಭಾವಚಿತ್ರವೆಂದು ಕರೆಯುವುದು ಸರಿಯಲ್ಲ. ಅಶೋಕ ಆಳಿದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಚಪ್ಪಡಿಯನ್ನು ಕೆತ್ತಿದ್ದು ಅದಕ್ಕೆ ಎರಡು ಮೂರು ಶತಮಾನಗಳ ಅನಂತರ. ಕೆತ್ತಿದವನು ಅಶೋಕನನ್ನು ನೋಡಿರಲಿಲ್ಲ, ನೋಡಿದವರನ್ನು ನೋಡಿದವರನ್ನೂ ಕಂಡಿರಲಿಲ್ಲ. ಅವನು ಕೆತ್ತಿದ್ದು ತನ್ನ ಕಾಲದ ಅರಸನ ವೇಷವನ್ನು, ಅಂದಿನ ಬೌದ್ಧರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಧರ್ಮಿಷ್ಠ ರಾಜನ ಕಲ್ಪನೆಯನ್ನು. ನನ್ನ ದೃಷ್ಟಿಯಲ್ಲಿ ಶಿಲ್ಪದ ಬೆಲೆ ಇದರಿಂದ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಮೌರ್ಯರ ಆಳ್ವಿಕೆ ಮುಗಿದು, ಬೇರೆಯ ವಂಶ ಪಟ್ಟಕ್ಕೆ ಬಂದು, ಅಶೋಕನ ಶಾಸನಗಳು ಹಳೆಯ ಕಲ್ಲುಗಳಾಗುತ್ತಿದ್ದ ಹೊತ್ತಿನಲ್ಲಿಯೂ ಭೀಮಾತೀರದ ಜನ ಆತನನ್ನು ಹೆಸರಿಟ್ಟು ನೆನೆಯುತ್ತಿದ್ದರು. ಪ್ರದಕ್ಷಿಣೆ ಬರುವವರು ಆತನ ಗುರುತು ಹಿಡಿಯಲೆಂದು ಹೆಸರನ್ನು ಬರೆಸಿದರು.

ಹೆಸರು ಬರೆಯುವ ಈ ರೂಢಿ ಅಶೋಕನೊಬ್ಬನಿಗೇ ಮೀಸಲಾಗಿಲ್ಲ ಎಂಬುದು ಕನಗನಹಳ್ಳಿಯ ದೊಡ್ಡ ಭಾಗ್ಯ. ಒಂದು ಚಪ್ಪಡಿಯಲ್ಲಿ ರಾಜ ಸಾತಕರ್ಣಿಯು ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಾನೆ ಎಂದು ಬರೆದಿದೆ. ಇನ್ನೊಂದರಲ್ಲಿ ರಾಜ ಪುಲುಮಾವಿಯು ಅಜಯತನೆಂಬವನಿಗೆ ಉಜ್ಜಯಿನಿಯನ್ನು ಕೊಡುತ್ತಾನೆ. ದಾನ ಕೊಡುವ ಅರಸ ಗಿಂಡಿಯಿಂದ ನೀರು ಬಿಡುತ್ತಿದ್ದಾನೆ. ಧಾರೆ ಎರೆದು ಕೊಡುವ ಪದ್ಧತಿಯನ್ನು ನಮ್ಮ ಮದುವೆಗಳಲ್ಲಿ ಇಂದಿಗೂ ಕಾಣುವ ನಮಗೆ ಆ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಕೊಡುತ್ತಿರುವುದು ಒಂದು ನಗರವನ್ನು, ಅದೂ ಸಾಮಾನ್ಯ ನಗರವನ್ನಲ್ಲ. ಪುಲುಮಾವಿಯನ್ನು ಪೈಠಣದ ದೊರೆಯೆಂದು ಹೇಳುವ ಗ್ರೀಕ್ ಭೂಗೋಳಜ್ಞ ಟಾಲೆಮಿಯು ಉಜ್ಜಯಿನಿಯನ್ನು ಶಕ ಕ್ಷತ್ರಪ ಚಷ್ಟನನ ರಾಜಧಾನಿ ಎನ್ನುತ್ತಾನೆ. ಸಾತವಾಹನರೂ ಕ್ಷತ್ರಪರೂ ತಲೆಮಾರುಗಳ ಕಾಲ ಕಾದಾಡಿದ ಪಶ್ಚಿಮ ಭಾರತದ ರಾಜಕೀಯದ ಒಂದು ಘಟನೆ ಹೀಗೆ ಭೀಮಾತೀರದ ಸ್ತೂಪದ ಮೇಲೆ ಚಿತ್ರವಾಗಿ ಉಳಿದಿದೆ. ಚಿತ್ರದಲ್ಲಿರುವ ಪುಲುಮಾವಿ ಯಾರು, ಅಜಯತ ಯಾರು ಎಂಬ ಬಗ್ಗೆ ವಿದ್ವಾಂಸರ ಚರ್ಚೆ ಇನ್ನೂ ನಿಂತಿಲ್ಲ.

ಸಾತವಾಹನರ ಅರಸರ ಪಟ್ಟಿಯನ್ನು ನಾವು ಪುರಾಣಗಳಿಂದ ತಿಳಿದಿದ್ದೇವೆ. ಮತ್ಸ್ಯ, ವಾಯು ಮೊದಲಾದ ಪುರಾಣಗಳು ಆಂಧ್ರ ರಾಜರೆಂದು ಹೆಸರಿಸುವ ಆ ಸಾಲಿನಲ್ಲಿ ಅನೇಕರು ಬರಿಯ ಹೆಸರುಗಳಾಗಿದ್ದರು. ಅವರು ನಿಜವಾಗಿ ಇದ್ದರೇ ಎಂದು ಕೇಳುವ ಇತಿಹಾಸಕಾರರೂ ಇದ್ದರು. ಮಂತಲಕ, ಸುಂದರ ಸಾತಕರ್ಣಿ ಎಂಬ ಹೆಸರುಗಳು ಕನಗನಹಳ್ಳಿಯ ಕಲ್ಲುಗಳಲ್ಲಿ ಕಂಡಾಗ ಆ ಸಂದೇಹದ ಸ್ವಲ್ಪ ಭಾಗವಾದರೂ ಕರಗಿತು. ವಂಶದ ಮೂಲಪುರುಷನಾದ ಸಿಮುಕನ ಹದಿನಾರನೆಯ ಆಳ್ವಿಕೆಯ ವರ್ಷವನ್ನು ಹೇಳುವ ಶಾಸನವೂ ಇಲ್ಲಿ ದೊರೆತಿದೆ, ಅವನ ಹೆಸರನ್ನು ಅದರಲ್ಲಿ ಛಿಮುಕ ಎಂದು ಬರೆದಿದೆ. ಪುಣೆ ಜಿಲ್ಲೆಯ ಜುನ್ನರದ ಬಳಿಯ ನಾಣೇಘಾಟದ ಗುಹೆಯಲ್ಲಿಯೂ ಸಿಮುಕ ಮೊದಲಾದವರ ಮೂರ್ತಿಗಳಿದ್ದವು, ಕೆಳಗೆ ಹೆಸರುಗಳಿದ್ದವು. ಇಂದು ಅಲ್ಲಿ ಹೆಸರುಗಳಿವೆ, ಮೂರ್ತಿಗಳು ಹೋಗಿವೆ. ಹೆಸರಿನ ಜೊತೆಗೆ ರೂಪವೂ ಉಳಿದ ಕಾರಣಕ್ಕೆ ಕನಗನಹಳ್ಳಿಯು ಸಾತವಾಹನರ ಚಿತ್ರಶಾಲೆಯಾಗಿದೆ. ಸಾತವಾಹನರೆಂದರೆ ಮಹಾರಾಷ್ಟ್ರ ಅಥವಾ ಆಂಧ್ರದವರು ಎಂದು ತಿಳಿದು ಮುಂದಕ್ಕೆ ಸಾಗುವ ಕನ್ನಡದ ಓದುಗರು ಒಮ್ಮೆ ಇಲ್ಲಿ ನಿಲ್ಲಬೇಕು.

ಬುದ್ಧನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅರಸರನ್ನೇ ನೋಡುತ್ತ ಬುದ್ಧನನ್ನು ಮರೆಯುವ ಅಪಾಯ ಇಲ್ಲಿ ನಿಜವಾಗಿಯೂ ಇದೆ. ಮೊದಲ ಕಾಲದ ಚಪ್ಪಡಿಗಳಲ್ಲಿ ಬುದ್ಧನ ಮಾನವರೂಪವಿಲ್ಲ. ಬರಿದಾದ ಆಸನವಿದೆ, ಅದರ ಹಿಂದೆ ಬೋಧಿವೃಕ್ಷವಿದೆ, ಧರ್ಮಚಕ್ರವಿದೆ, ಪಾದಗಳ ಗುರುತಿದೆ. ಸುತ್ತಲೂ ಕೈಮುಗಿದ ಜನರಿದ್ದಾರೆ. ಅನಂತರದ ಕಾಲದಲ್ಲಿ ಆಯಕ ವೇದಿಕೆಗಳ ಬಳಿ ಬುದ್ಧನ ಮೂರ್ತಿಗಳೇ ಬಂದವು, ಅವುಗಳಲ್ಲಿ ಶಾಕ್ಯಮುನಿಯಷ್ಟೇ ಅಲ್ಲದೆ ಆತನಿಗಿಂತ ಹಿಂದಿನ ಬುದ್ಧರೂ ಇದ್ದು, ಪೀಠಗಳ ಮೇಲೆ ಅವರ ಹೆಸರುಗಳನ್ನು ಕೆತ್ತಲಾಗಿದೆ. ಬುದ್ಧನನ್ನು ಕಾಣಿಸದೆ ಪೂಜಿಸಿದ ತಲೆಮಾರಿನಿಂದ ಬುದ್ಧನನ್ನು ಎದುರಿಗೆ ನಿಲ್ಲಿಸಿಕೊಂಡು ಪೂಜಿಸಿದ ತಲೆಮಾರಿನವರೆಗಿನ ಬದಲಾವಣೆಯನ್ನು ಒಂದೇ ಸ್ತೂಪದ ಸುತ್ತ ನಡೆಯುತ್ತ ನೋಡಬಹುದು. ನನ್ನ ಒಲವು ಮೊದಲನೆಯವುಗಳ ಕಡೆಗೆ. ಖಾಲಿ ಆಸನದ ಮುಂದೆ ಬಾಗಿದವರ ಮುಖದಲ್ಲಿ ಶಿಲ್ಪಿ ತಂದಿರುವ ಏಕಾಗ್ರತೆ ಅನಂತರದ ಮೂರ್ತಿಗಳ ಸುತ್ತ ನನಗೆ ಕಾಣಲಿಲ್ಲ. ಕಲಾ ಇತಿಹಾಸ ಬಲ್ಲವರು ಒಪ್ಪದಿರಬಹುದು.

ಚಪ್ಪಡಿಗಳ ಮೇಲೆ ಬುದ್ಧನ ಜೀವನದ ಪ್ರಸಂಗಗಳೂ ಜಾತಕ ಕತೆಗಳೂ ಇವೆ, ನಾಗರಾಜರೂ ಯಕ್ಷರೂ ಇದ್ದಾರೆ. ಎಲ್ಲವನ್ನೂ ಇಲ್ಲಿ ವಿವರಿಸಲು ಹೋಗುವುದಿಲ್ಲ. ಚಿಕ್ಕದಾದರೂ ಹೇಳಲೇಬೇಕಾದದ್ದು ದಾನಶಾಸನಗಳ ವಿಷಯ. ಈ ಕಲ್ಲುಗಳನ್ನೆಲ್ಲ ಅರಸರು ಮಾಡಿಸಿದ್ದಲ್ಲ. ಗೃಹಸ್ಥರು, ಅವರ ಹೆಂಡಿರು ಮಕ್ಕಳು, ಭಿಕ್ಷುಗಳು, ಭಿಕ್ಷುಣಿಯರು ಒಂದೊಂದು ಚಪ್ಪಡಿಯನ್ನು, ಒಂದೊಂದು ಕಂಬವನ್ನು ದಾನ ಮಾಡಿ ತಮ್ಮ ಹೆಸರು ಬರೆಸಿದ್ದಾರೆ. ನಮ್ಮೂರ ದೇವಸ್ಥಾನದ ಮೆಟ್ಟಿಲುಗಳ ಮೇಲೆ, ಟ್ಯೂಬ್‌ಲೈಟುಗಳ ಮೇಲೆ ಸೇವಾಕರ್ತರ ಹೆಸರು ಬರೆಯುವುದನ್ನು ಕಂಡು ನಾವು ನಗುತ್ತೇವೆ. ಆ ರೂಢಿಗೆ ಇಲ್ಲಿ ಎರಡು ಸಾವಿರ ವರ್ಷಗಳ ಸಾಕ್ಷ್ಯವಿದೆ, ಮತ್ತು ಅಂದಿನ ಹೆಣ್ಣುಮಕ್ಕಳಿಗೆ ಸ್ವಂತದ ಹಣವೂ ಅದನ್ನು ಕೊಡುವ ಸ್ವಾತಂತ್ರ್ಯವೂ ಇದ್ದವೆಂದು ನಮಗೆ ತಿಳಿಯುವುದು ಅಂಥ ಬರಹಗಳಿಂದಲೇ.

ಇಷ್ಟು ದೊಡ್ಡ ಕೇಂದ್ರ ಏಕೆ ಮರೆಯಾಯಿತು? ಸಾತವಾಹನರ ಆಳ್ವಿಕೆ ಮೂರನೆಯ ಶತಮಾನದಲ್ಲಿ ಕುಸಿದಾಗ ಅದರೊಂದಿಗೆ ದೂರದ ವ್ಯಾಪಾರ ಮತ್ತು ಆ ವ್ಯಾಪಾರದಿಂದ ಬರುತ್ತಿದ್ದ ದಾನದ ಹರಿವೂ ಕುಗ್ಗಿದ್ದು ಒಂದು ಕಾರಣವಿರಬೇಕು. ಕರ್ನಾಟಕದಲ್ಲಿ ಬೌದ್ಧ ಧರ್ಮವು ಆಗಲೇ ಇಲ್ಲವಾಯಿತೆಂದು ಭಾವಿಸುವುದು ಮಾತ್ರ ಸರಿಯಾಗದು. ಐಹೊಳೆಯ ಗುಡ್ಡದ ಮೇಲೆ ಎರಡಂತಸ್ತಿನ ಬೌದ್ಧ ಚೈತ್ಯವಿದೆ. ಮಂಗಳೂರಿನ ಕದ್ರಿಯಲ್ಲಿ ಅಳುಪ ಅರಸ ಕುಂದವರ್ಮನು 968ರಲ್ಲಿ ಬೋಧಿಸತ್ವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಸ್ಥಾಪಿಸಿದನು. ಅದರ ಪೀಠದ ಶಾಸನ ಆ ಸ್ಥಳವನ್ನು ಕದರಿಕಾ ವಿಹಾರವೆನ್ನುತ್ತದೆ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವೊಂದು ಬುದ್ಧನ ಮತ್ತು ತಾರಾದೇವಿಯ ವಿಹಾರಗಳಿಗೆ ಸೆಟ್ಟಿಗಳು ಕೊಟ್ಟ ದಾನವನ್ನು ಹೇಳುತ್ತದೆ. ಕನಗನಹಳ್ಳಿಯ ಸ್ತೂಪ ಮಣ್ಣಾದ ಎಷ್ಟೋ ಶತಮಾನಗಳ ಅನಂತರವೂ ಕನ್ನಡ ನಾಡಿನಲ್ಲಿ ಬೌದ್ಧರಿದ್ದರು.

ಮಣ್ಣಾದದ್ದೇ ಒಂದು ರೀತಿಯಲ್ಲಿ ಅದೃಷ್ಟವಾಯಿತೆಂದು ಹೇಳಲು ಅಮರಾವತಿಯನ್ನು ನೆನೆದರೆ ಸಾಕು. ಅಲ್ಲಿನ ಸ್ತೂಪ 18ನೆಯ ಶತಮಾನದ ಕೊನೆಗೆ ಕಣ್ಣಿಗೆ ಬಿತ್ತು. ಬ್ರಿಟಿಷ್ ಸರ್ವೇಕ್ಷಕ ಕಾಲಿನ್ ಮೆಕೆಂಜಿ ನೋಡಿ ಹೋದದ್ದರ ಆಚೀಚೆಗಿನ ವರ್ಷಗಳಲ್ಲಿ ಶಿಲ್ಪವಿದ್ದ ಚಪ್ಪಡಿಗಳನ್ನು ಜನ ಕಟ್ಟಡಗಳಿಗೆ ಒಯ್ದರು, ಸುಟ್ಟು ಸುಣ್ಣ ಮಾಡಿದರು. ಉಳಿದವು ಚೆನ್ನೈಗೂ ಲಂಡನ್ನಿಗೂ ಹಂಚಿಹೋದವು. ಸುಣ್ಣದಕಲ್ಲಿನ ಶಿಲ್ಪಕ್ಕೆ ಇರುವ ಶತ್ರು ಅದರ ಕಲ್ಲೇ. ಕನಗನಹಳ್ಳಿಯ ಚಪ್ಪಡಿಗಳು ಯಾವ ಸುಣ್ಣದ ಭಟ್ಟಿಗೂ ಹೋಗದೆ, ಯಾವ ಹಡಗನ್ನೂ ಹತ್ತದೆ, ಬಿದ್ದ ಜಾಗದಲ್ಲಿಯೇ ಉಳಿದವು. ಒಂದು ಸ್ತೂಪದ ಹೊದಿಕೆ, ಅದರ ಶಾಸನಗಳು, ಅದರ ಮೂರ್ತಿಗಳು ಎಲ್ಲವೂ ಒಂದೇ ಕಡೆ ಸಿಗುವುದು ದಕ್ಷಿಣ ಭಾರತದಲ್ಲಿ ಅಪರೂಪ.

ಉತ್ಖನನದ ಅನಂತರ ಬಹಳ ವರ್ಷ ಈ ಶಿಲ್ಪಗಳು ಬಯಲಿನಲ್ಲಿ ಸಾಲಾಗಿ ಮಲಗಿದ್ದವು, ಮಳೆ ಬಿಸಿಲುಗಳಿಗೆ ಒಡ್ಡಿಕೊಂಡಿದ್ದವು. ಈಚಿನ ವರ್ಷಗಳಲ್ಲಿ ಪುರಾತತ್ತ್ವ ಇಲಾಖೆ ಸಂರಕ್ಷಣೆಯ ಕೆಲಸವನ್ನು ಕೈಗೆತ್ತಿಕೊಂಡು, ಬಿದ್ದ ಭಾಗಗಳನ್ನು ಮತ್ತೆ ಜೋಡಿಸಲು ತೊಡಗಿದೆ. ಇದು ಸುಲಭದ ಕೆಲಸವಲ್ಲ. ಯಾವ ಚಪ್ಪಡಿ ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ಅಂಚಿನ ಕೆತ್ತನೆ, ಕಲ್ಲಿನ ದಪ್ಪ, ಬಿದ್ದಿದ್ದ ಜಾಗ ಇವುಗಳಿಂದ ನಿರ್ಧರಿಸಬೇಕು. ಇಲ್ಲದ ಭಾಗಕ್ಕೆ ಹೊಸ ಕಲ್ಲು ಹಾಕಬೇಕಾದಾಗ ಹಳೆಯದರಿಂದ ಅದು ಬೇರೆಯಾಗಿ ತೋರಬೇಕು, ಕಣ್ಣಿಗೆ ಚುಚ್ಚಲೂ ಬಾರದು. ಅರೆಬರೆ ಇದ್ದ ಸ್ತೂಪವನ್ನು ಪೂರ್ತಿಯಾಗಿ ಕಟ್ಟಿ ನಿಲ್ಲಿಸಬೇಕೆಂಬ ಬೇಡಿಕೆಯನ್ನು ನಾನು ಅಲ್ಲಲ್ಲಿ ಕೇಳಿದ್ದೇನೆ. ಅದಕ್ಕೆ ನನ್ನ ಸಮ್ಮತಿಯಿಲ್ಲ. ಇರುವುದನ್ನು ಭದ್ರವಾಗಿ ನಿಲ್ಲಿಸಿ, ಮೇಲೆ ಮಾಡು ಹಾಕಿ, ಪ್ರತಿ ಚಪ್ಪಡಿಯ ಬಳಿ ಅದರ ಶಾಸನದ ಪಾಠವನ್ನೂ ಕನ್ನಡದ ಅರ್ಥವನ್ನೂ ಬರೆದಿಟ್ಟರೆ, ಎರಡು ಸಾವಿರ ವರ್ಷಗಳ ಹಿಂದೆ ಶಿಲ್ಪದ ಬದಿಗೆ ಹೆಸರು ಕೆತ್ತಿದವನ ಉದ್ದೇಶ ಇಂದಿನ ನೋಡುಗನಿಗೂ ನೆರವೇರುತ್ತದೆ. ಬ್ರಾಹ್ಮೀ ಬಾರದವನಿಗೆ ಇಂದು ಆ ಅಕ್ಷರಗಳು ಗೆರೆಗಳಾಗಿ ಮಾತ್ರ ಕಾಣುತ್ತವೆ. ಓದಿಕೊಂಡು ಹೋಗದೆ ಹೋದರೆ ಸಾತಕರ್ಣಿಗೂ ಸೇವಕನಿಗೂ ವ್ಯತ್ಯಾಸ ತಿಳಿಯುವುದು ಕಷ್ಟ.

ಹೋಗಬಯಸುವವರಿಗೆ ಒಂದೆರಡು ಮಾತು. ಬೇಸಿಗೆಯಲ್ಲಿ ಕಲಬುರಗಿ ಸೀಮೆಯ ಬಿಸಿಲು ಕಲ್ಲಿನ ಬಯಲಿನಲ್ಲಿ ತಾಳುವಂಥದ್ದಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಒಳ್ಳೆಯವು. ತೆಳುವಾದ ಉಬ್ಬುಶಿಲ್ಪಗಳನ್ನು ನಡುಹಗಲಿನಲ್ಲಿ ನೋಡಿದರೆ ಅರ್ಧ ವಿವರ ತಪ್ಪಿಹೋಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಅಕ್ಷರಗಳೂ ಆಭರಣಗಳೂ ಎದ್ದು ಕಾಣುತ್ತವೆ. ಊಟ ತಿಂಡಿಗೆ ನಾಲವಾರ ಅಥವಾ ವಾಡಿಯಲ್ಲಿಯೇ ವ್ಯವಸ್ಥೆ ಮಾಡಿಕೊಂಡು ಬರುವುದು ಲೇಸು. ಕಲಬುರಗಿಗೆ ಮರಳುವವರು, ಬಹಮನಿ ಕಾಲದ ಗುಮ್ಮಟಗಳಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ ನೋಡಬೇಕು. ಸನ್ನತಿಯ ಪರಿಸರದಲ್ಲಿ ದೊರೆತ ಸಾತವಾಹನ ಕಾಲದ ಸ್ಮಾರಕ ಶಿಲೆಗಳು, ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು, ಅಲ್ಲಿವೆ. ಸ್ತೂಪದ ಮೇಲೆ ಅರಸರನ್ನೂ ಬುದ್ಧರನ್ನೂ ಕೆತ್ತಿದ ಅದೇ ಕೈಗಳು ಸಾಮಾನ್ಯ ಜನರ ಬಾಳನ್ನು ಹೇಗೆ ಕೆತ್ತಿದವೆಂಬುದು ಅವುಗಳಲ್ಲಿ ಕಾಣುತ್ತದೆ. ಅವುಗಳ ಕುರಿತು ಬೇರೆಯಾಗಿಯೇ ಬರೆಯಬೇಕಾದಷ್ಟು ವಿಷಯವಿದೆ.